ಬೆನ್ನುಹುರಿಯ ಪೆಟ್ಟು ಮತ್ತು ವ್ಯಾಯಾಮ

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಇದು ಸೋಮಾರಿಗಳನ್ನು ಕುರಿತು ಹುಟ್ಟಿದ ಮಾತು. ಆದರೆ ಸೋಮಾರಿತನದ ಲೇಶವೂ ಇಲ್ಲದೆ, ಕೇವಲ ದುರ್ದೈವದಿಂದ ಕೂತಲ್ಲಿಯೇ ಉಣ್ಣಬೇಕಾಗಿ ಬಂದವರೂ ಲೋಕದಲ್ಲಿ ಅನೇಕರುಂಟು. ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳ ಸ್ವಾಧೀನ ತಪ್ಪಿದವರು ಅಂಥವರು. ಅವರ ದೇಹದೊಳಗೆ ಈ ಗಾದೆ ತಿರುವುಮುರುವಾಗುತ್ತದೆ. ಅಲ್ಲಿ ಕುಡಿಕೆ ಬರಿದಾಗುವುದಿಲ್ಲ, ತುಂಬಿ ತುಳುಕುತ್ತದೆ. ತುಳುಕಿದ್ದೇ ರೋಗವಾಗುತ್ತದೆ. ಇದು ಹೇಗೆ, ಇದಕ್ಕೆ ವ್ಯಾಯಾಮವು ಎಷ್ಟರ ಮಟ್ಟಿಗೆ ಪರಿಹಾರ ಎಂಬುದನ್ನು ಈ ಪುಟ್ಟ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ನನ್ನ ಚಿಕ್ಕಪ್ಪ ಕೊನೆಗಾರ. ಊರವರ ತೋಟಗಳಲ್ಲಿ ಅಡಕೆ ಮರ ಹತ್ತಿ ಕೊನೆ ಇಳಿಸುತ್ತಿದ್ದವರು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಮಳೆಗೆ ಜಾರಿದ ಮರದಿಂದ ಬಿದ್ದು ಸೊಂಟದಿಂದ ಕೆಳಗೆ ನಿಶ್ಚೇಷ್ಟಿತರಾದರು. ಅಂದಿನಿಂದ ನಮ್ಮ ಮನೆಯವರೆಲ್ಲ ಅವರನ್ನು ಹೂವಿನಂತೆ ನೋಡಿಕೊಂಡೆವು. ಅಜ್ಜಿ ತುಪ್ಪದನ್ನ ಕಲಸಿ ಕೊಟ್ಟರು. ಅವರು ಕೈ ಚಾಚುವ ಮೊದಲೇ ನೀರಿನ ತಂಬಿಗೆ ತಂದಿಡುವುದು ನನ್ನ ಕೆಲಸವಾಗಿತ್ತು. ಆರು ವರ್ಷಗಳ ತರುವಾಯ ರಕ್ತ ಪರೀಕ್ಷೆ ಮಾಡಿಸಿದಾಗ ಅವರಿಗೆ ಮಧುಮೇಹವಿರುವುದು ತಿಳಿಯಿತು. ‘ನಡೆಯಲಾರದವನಿಗೆ ಇದೂ ಬೇಕಿತ್ತೆ?’ ಎಂದು ಅಜ್ಜಿ ಅತ್ತರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ದೊರೆತುದನ್ನೇ ಇಲ್ಲಿ ಬರೆದಿದ್ದೇನೆ.

ಬೆನ್ನುಹುರಿಯು ಮಿದುಳಿನ ಬುಡದಿಂದ ಹೊರಟು ಸೊಂಟದ ಮೇಲ್ಭಾಗದವರೆಗೆ ಇಳಿಯುವ ನರತಂತುಗಳ ಕಟ್ಟು. ವಯಸ್ಕರಲ್ಲಿ ಇದರ ಉದ್ದ ಸುಮಾರು 45 ಸೆಂಟಿಮೀಟರು. ಇದರಿಂದ 31 ಜೊತೆ ನರಗಳು ಕವಲೊಡೆಯುತ್ತವೆ. ಎಲ್ಲಿ ಪೆಟ್ಟಾಗುವುದೋ ಅದರ ಕೆಳಗಿನ ಅಂಗಗಳಿಗೆ ಮಿದುಳಿನ ಆಜ್ಞೆ ತಲುಪುವುದಿಲ್ಲ. ಅಲ್ಲಿಯ ನೋವು, ಬಿಸಿ, ಒತ್ತಡಗಳ ಸುದ್ದಿ ಮಿದುಳಿಗೆ ಏರುವುದಿಲ್ಲ.

ಇನ್ನು ಸ್ನಾಯುಗಳ ಮಾತು. ನಾವು ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಇನ್ಸುಲಿನ್ ಎಂಬ ರಸವು ಬಾಗಿಲು ತೆರೆದಾಗ ಆ ಸಕ್ಕರೆಯ ಬಹುಪಾಲನ್ನು ಒಳಗೆ ತೆಗೆದುಕೊಳ್ಳುವ ಉಗ್ರಾಣಗಳು ಸ್ನಾಯುಗಳೇ. ದೇಹದ ಅತಿ ದೊಡ್ಡ ಸ್ನಾಯುಗಳು ತೊಡೆ ಮತ್ತು ಪೃಷ್ಠಗಳಲ್ಲಿವೆ. ಪೆಟ್ಟು ಬಿದ್ದ ಕೆಲವೇ ವಾರಗಳಲ್ಲಿ ಇವು ಸೊರಗತೊಡಗುತ್ತವೆ. ಆ ಜಾಗದಲ್ಲಿ ಕೊಬ್ಬು ಸೇರುತ್ತದೆ. ಉಗ್ರಾಣ ಕಿರಿದಾದ ಮೇಲೆ, ಬರುವ ಧಾನ್ಯ ಮೊದಲಿನಷ್ಟೇ ಇದ್ದರೆ ಗತಿಯೇನು? ಸಕ್ಕರೆ ರಕ್ತದಲ್ಲಿಯೇ ನಿಲ್ಲುತ್ತದೆ. ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಂತಾಗುತ್ತವೆ. ಹೃದಯಕ್ಕೆ ಹಿತವಾದ ಬಗೆಯ ಕೊಲೆಸ್ಟರಾಲ್ ಇಳಿಯುತ್ತದೆ. ಸುಮ್ಮನೆ ಕುಳಿತಾಗಲೂ ದೇಹವು ಉರಿಸುವ ಶಕ್ತಿಯ ಪ್ರಮಾಣ ತಗ್ಗುತ್ತದೆ. ಆದ್ದರಿಂದಲೇ ಇಂಥವರಲ್ಲಿ ಮಧುಮೇಹ, ಹೃದ್ರೋಗಗಳು ಇತರರಿಗಿಂತ ಹೆಚ್ಚು.

ಇದರಲ್ಲಿ ಒಂದು ಮೋಸವೂ ಇದೆ. ಕಾಲುಗಳು ಕೃಶವಾಗಿರುವುದರಿಂದ ಮನುಷ್ಯ ತೆಳ್ಳಗೆ ಕಾಣುತ್ತಾನೆ. ನೋಡಿದವರು ‘ಪಾಪ, ಇನ್ನಷ್ಟು ಬಡಿಸಿ’ ಎನ್ನುತ್ತಾರೆ. ತೂಕವನ್ನು ಕಿಲೋಗ್ರಾಮಿನಲ್ಲಿ ಅಳೆದು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯು 30 ದಾಟಿದರೆ ಸ್ಥೂಲಕಾಯವೆಂದು ಸಾಮಾನ್ಯ ನಿಯಮ. ಬೆನ್ನುಹುರಿಗೆ ಪೆಟ್ಟಾದವರಿಗೆ ತಜ್ಞರು ಈ ಗೆರೆಯನ್ನು 22ಕ್ಕೆ ಇಳಿಸಿದ್ದಾರೆ. ನಮ್ಮ ಚಿಕ್ಕಪ್ಪ ನಮ್ಮ ಕಣ್ಣಿಗೆ ಬಡಕಲಾಗಿಯೇ ಕಂಡಿದ್ದರು.

ಹಾಗಾದರೆ ಉಪಾಯವೇನು? ಸ್ನಾಯುವು ದುಡಿದಾಗ, ಇನ್ಸುಲಿನ್ನಿನ ಹಂಗಿಲ್ಲದೆಯೇ ತನ್ನ ಬಾಗಿಲನ್ನು ತಾನೇ ತೆರೆದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಕಾಲು ದುಡಿಯದಿದ್ದರೆ ತೋಳು ದುಡಿಯಬೇಕು. ಈ ತತ್ವವನ್ನು ಆಚರಣೆಗೆ ತಂದವರಲ್ಲಿ ಮೊದಲಿಗರು ಡಾ. ಲುಡ್ವಿಗ್ ಗುಟ್ಮನ್. ಹಿಟ್ಲರನ ಜರ್ಮನಿಯಿಂದ 1939ರಲ್ಲಿ ಇಂಗ್ಲೆಂಡಿಗೆ ಬಂದ ಈ ಯೆಹೂದಿ ವೈದ್ಯರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗದ ಹೊಣೆ ಹೊತ್ತರು. ಅಂದು ಇಂಥ ರೋಗಿಗಳನ್ನು ಮಲಗಿಸಿ ಮರಣಕ್ಕಾಗಿ ಕಾಯುವುದೇ ವಾಡಿಕೆಯಾಗಿತ್ತು. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕುಗಳೇ ಅವರನ್ನು ಕೊಲ್ಲುತ್ತಿದ್ದುವು. ಗುಟ್ಮನ್ನರು ರೋಗಿಗಳನ್ನು ಕಾಲಕಾಲಕ್ಕೆ ಹೊರಳಿಸಿದರು, ಎಬ್ಬಿಸಿ ಕೂರಿಸಿದರು, ಕೈಗೆ ಚೆಂಡನ್ನೂ ಬಿಲ್ಲನ್ನೂ ಕೊಟ್ಟರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಿಂದ ಬಾಣ ಬಿಟ್ಟರು. ಅದೇ ಬೆಳೆದು 1960ರ ರೋಮ್ ಕ್ರೀಡೆಗಳಾಗಿ, ಇಂದಿನ ಪ್ಯಾರಾಲಿಂಪಿಕ್ಸ್ ಆಯಿತು. 1965ರ ಯುದ್ಧದಲ್ಲಿ ಗುಂಡೇಟಿನಿಂದ ಸೊಂಟದ ಕೆಳಗೆ ಬಲಗುಂದಿದ ನಮ್ಮ ಸೈನಿಕ ಮುರಳೀಕಾಂತ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗಿನಲ್ಲಿ ಈಜಿ, ಈ ಕ್ರೀಡೆಗಳಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದರು.

ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸೂತ್ರಗಳು ಹೇಳುವುದು ಇಷ್ಟು: ದೇಹಬಲಕ್ಕಾಗಿ ವಾರಕ್ಕೆ ಎರಡು ಸಲ 20 ನಿಮಿಷ ಉಸಿರು ಬಿರುಸಾಗುವಂಥ ವ್ಯಾಯಾಮ, ಜೊತೆಗೆ ಎರಡು ಸಲ ಭಾರ ಎತ್ತುವ ಅಭ್ಯಾಸ, ಹೃದಯ ಮತ್ತು ಸಕ್ಕರೆಯ ಹಿತಕ್ಕಾಗಿ ವಾರಕ್ಕೆ ಮೂರು ಸಲ 30 ನಿಮಿಷದ ಬಿರುಸು ವ್ಯಾಯಾಮ. ಗಾಲಿಕುರ್ಚಿಯನ್ನು ತಾನೇ ತಳ್ಳುವುದು, ಕೈಯಿಂದ ಪೆಡಲು ತಿರುಗಿಸುವುದು, ಈಜುವುದು ಇವೆಲ್ಲ ಆಗುತ್ತವೆ. ವಿದ್ಯುತ್ ಸ್ಪಂದನದಿಂದ ಕಾಲಿನ ಸ್ನಾಯುಗಳನ್ನೇ ಕುಣಿಸಿ ಸೈಕಲ್ ತುಳಿಸುವ ಯಂತ್ರಗಳೂ ದೊಡ್ಡ ಆಸ್ಪತ್ರೆಗಳಲ್ಲಿ ಉಂಟು.

ಕೆಲವು ಎಚ್ಚರಿಕೆಗಳು ಅಗತ್ಯ. ತೋಳಿನ ಸ್ನಾಯು ಚಿಕ್ಕದು; ಅದು ಉರಿಸುವ ಕೊಬ್ಬೂ ಕೊಂಚವೇ. ಆದ್ದರಿಂದ ಊಟದ ಮಿತಿ ತಪ್ಪಿದರೆ ವ್ಯಾಯಾಮವೊಂದರಿಂದಲೇ ತೂಕ ಇಳಿಯದು. ಪೆಟ್ಟಿನ ಕೆಳಭಾಗ ಸರಿಯಾಗಿ ಬೆವರದ ಕಾರಣ ಬಿಸಿಲಿನಲ್ಲಿ ಮೈ ಕಾಯುತ್ತದೆ. ಎದೆಯ ಆರನೆಯ ಕಶೇರುವಿನ ಮಟ್ಟದಲ್ಲಾಗಲಿ ಅದರ ಮೇಲಾಗಲಿ ಪೆಟ್ಟಾದವರಿಗೆ, ಮೂತ್ರಕೋಶ ತುಂಬಿದ್ದರೂ ಸಾಕು, ರಕ್ತದೊತ್ತಡ ಅಪಾಯಕರವಾಗಿ ಏರಬಹುದು. ಮೊದಲು ಅದನ್ನು ಬರಿದು ಮಾಡಿಕೊಳ್ಳಬೇಕು. ಭುಜಗಳನ್ನು ಕಾಯ್ದುಕೊಳ್ಳಬೇಕು, ಅವರಿಗೆ ಅವೇ ಕಾಲುಗಳು. ಏನನ್ನೇ ಆರಂಭಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಈಗ ನಮ್ಮ ಮನೆಯ ಜಗಲಿಯ ಕಂಬಕ್ಕೆ ಹಳೆಯ ಸೈಕಲ್ ಟ್ಯೂಬೊಂದನ್ನು ಕಟ್ಟಿದೆ. ವೈದ್ಯರು ತೋರಿಸಿಕೊಟ್ಟಂತೆ ಚಿಕ್ಕಪ್ಪ ಬೆಳಗ್ಗೆ ಅದನ್ನು ಎಳೆಯುತ್ತಾರೆ. ಸಂಜೆ ತಂಪಾದ ಮೇಲೆ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಹಾಲಿನ ಡೇರಿಯವರೆಗೆ ಹೋಗಿ ಬರುತ್ತಾರೆ. ಮಾತ್ರೆಯೂ ನಡೆದಿದೆ, ತುಪ್ಪದನ್ನ ಹಬ್ಬಕ್ಕೆ ಮಾತ್ರ. ಕಾಯಿಲೆ ಹೋಗಲಿಲ್ಲ, ಹಿಡಿತಕ್ಕೆ ಬಂದಿದೆ. ಮೊನ್ನೆ ರಜೆಯಲ್ಲಿ ಹೋದಾಗ ಅಭ್ಯಾಸಬಲದಿಂದ ನಾನು ತಂಬಿಗೆ ಎತ್ತಲು ಹೋದೆ. ‘ಇಡು, ನಾನೇ ತಗೋತೀನಿ’ ಎಂದರು. ನೂರಾರು ಮರ ಹತ್ತಿದ ಆ ತೋಳುಗಳಿಗೆ ಆರು ವರ್ಷ ಕೆಲಸವಿಲ್ಲದಂತೆ ಮಾಡಿದ್ದು ಪೆಟ್ಟಲ್ಲ, ನಮ್ಮ ಅಜ್ಞಾನದ ಅಕ್ಕರೆ.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಇಂಥವರಿದ್ದರೆ ಅವರಿಗೆ ಬಡಿಸುವ ಮುನ್ನ, ಅವರ ಕೈಗೆ ಇಂದು ಏನು ಕೆಲಸವಿತ್ತು ಎಂದು ಒಮ್ಮೆ ಕೇಳಿ ನೋಡಿ.