ಚಾಳಿನ ಮೊಗಸಾಲೆಯಲ್ಲಿ ಆರ್ಕಿಡ್

ಮಲೆನಾಡಿನಿಂದ ಬಂದ ವಾಚಕರು ಮರದ ಕೊಂಬೆಯಿಂದ ಗೊಂಚಲಾಗಿ ಜೋಲುವ ಸೀತಾಳೆ ಹೂವನ್ನು ಬಲ್ಲರು. ಆರ್ಕಿಡ್ ಎಂಬ ಹೂಗಳ ಕುಟುಂಬಕ್ಕೆ ಅದೂ ಸೇರಿದೆ. ಮುಂಬಯಿಯ ಹೂವಿನಂಗಡಿಗಳಲ್ಲಿ ಕಾಣುವ ಬಿಳಿ, ನೇರಳೆ ಬಣ್ಣದ ಡೆಂಡ್ರೋಬಿಯಂಗಳು ಬಹುಮಟ್ಟಿಗೆ ಮಿಶ್ರತಳಿಗಳು. ಮನುಷ್ಯನು ಎರಡು ಜಾತಿಗಳನ್ನು ಕೂಡಿಸಿ ಬೆಳೆಸಿದ ಮೊದಲ ಆರ್ಕಿಡ್ 1856ರಲ್ಲಿ ಇಂಗ್ಲೆಂಡಿನಲ್ಲಿ ಹೂಬಿಟ್ಟಿತು. ಬೆಳೆಸಿದವರು ಜಾನ್ ಡೊಮಿನಿ ಎಂಬ ತೋಟಗಾರರು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಆಹಾರ ಅದರಲ್ಲಿರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದನ್ನು ಪೋಷಿಸುತ್ತದೆ. ಸಕ್ಕರೆ ಬೆರೆಸಿದ ಅಗಾರಿನ ಮೇಲೆ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯುವುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟರು. ಸಿರಿವಂತರ ಗಾಜಿನ ಮನೆಯ ಹೂವು ನಮ್ಮಂಥವರಿಗೂ ಎಟುಕಲು ಇದು ದಾರಿಮಾಡಿತು.

ನಾವು ತಂದ ಮೊದಲ ಗಿಡ ಒಂದೇ ಮಳೆಗಾಲದಲ್ಲಿ ಸತ್ತಿತು. ತುಳಸಿಗೆ ಹಾಕುವಂತೆ ಕುಂಡದ ತುಂಬ ಮಣ್ಣು ಹಾಕಿ, ದಿನಕ್ಕೆರಡು ಸಲ ನೀರೆರೆದಿದ್ದೆವು. ಕಿತ್ತು ನೋಡಿದಾಗ ಬೇರೆಲ್ಲ ಕೊಳೆತಿತ್ತು. ಮರದ ತೊಗಟೆಯನ್ನು ಹಿಡಿದು ಗಾಳಿಯಲ್ಲಿ ಬಾಳುವ ಬೇರು ಅದು. ಮಣ್ಣಿನಲ್ಲಿ ಅದಕ್ಕೆ ಉಸಿರು ಕಟ್ಟಿತು. ಸಂಬಳದಲ್ಲಿ ಉಳಿಸಿದ ಹಣ ಹೀಗೆ ಹಾಳಾದೀತೆಂದೇ ಇದನ್ನು ಬರೆಯುತ್ತಿದ್ದೇವೆ.

ಎರಡನೆಯ ಗಿಡಕ್ಕೆ ತೂತುಗಳಿರುವ ಸಣ್ಣ ಕುಂಡದಲ್ಲಿ ಇದ್ದಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು ಹಾಕಿದೆವು. ಬೆಳಗಿನ ಎಳೆಬಿಸಿಲು ಬೇಕು, ನಡುಹಗಲಿನ ಬಿಸಿಲು ಕೂಡದು. ಬೇರು ಬೆಳ್ಳಗಿದ್ದರೆ ಒಣಗಿದೆ, ನೀರು ಕೊಡಬೇಕು, ಹಸಿರಾಗಿದ್ದರೆ ಕಾಯಬೇಕು. ಎಲೆ ಉದುರಿದ ಹಳೆಯ ದಂಟನ್ನು ಕತ್ತರಿಸಬೇಡಿ. ಅದು ಗಿಡದ ಉಗ್ರಾಣ, ಅದರಿಂದಲೂ ಹೂ ಬರುವುದುಂಟು.

ಹೂ ಬಿಟ್ಟರೆ ಕೆಲವು ವಾರ ನಿಲ್ಲುತ್ತದೆ. ಚಿತ್ರ ತೆಗೆಯಲು ಅವಸರವಿಲ್ಲ. ಮೊಬೈಲ್ ಸಾಕು. ಬೆಳಿಗ್ಗೆ ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಹೂವಿನ ಮಟ್ಟಕ್ಕೆ ಬಾಗಿ ತೆಗೆಯಿರಿ. ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಒಣಹಾಕಿದ ಅರಿವೆಗಳು ಚಿತ್ರದಲ್ಲಿ ಬೀಳವು. ಆದರೆ ಕಪ್ಪು ಹೆಚ್ಚಾದಾಗ ಕ್ಯಾಮೆರಾ ಬೆಳಕನ್ನು ಏರಿಸಿ ಬಿಳಿ ದಳಗಳ ಗೆರೆಗಳನ್ನು ಅಳಿಸಿಬಿಡುತ್ತದೆ. ಆಗ ಪರದೆಯಲ್ಲಿ ಬೆಳಕನ್ನು ತುಸು ತಗ್ಗಿಸಬೇಕು. ನಡುವಿನ ತುಟಿಯಂಥ ದಳ ಸ್ಪಷ್ಟವಾಗಿರಲಿ. ನೆರಳಿನ ಪಕ್ಕಕ್ಕೆ ಬಿಳಿ ಕಾಗದ ಹಿಡಿದರೆ ಅಲ್ಲಿಯೂ ಬೆಳಕು ಬೀಳುತ್ತದೆ.

ಆ ಚಿತ್ರವನ್ನು ಊರಿಗೆ ಕಳಿಸಿ. ಆದರೆ ಊರಿಗೆ ಹೋದಾಗ ಕಾಡಿನ ಸೀತಾಳೆಯನ್ನು ಮಾತ್ರ ಕಿತ್ತು ತರಬೇಡಿ. ಅದು ಅಲ್ಲಿಯ ಮರದ ಮೇಲೆಯೇ ಬಾಳಲಿ.