ಗರುಡ, ಹುಂಜ, ಈಟಿಮೊನೆ

ತಂಗೀ,

ನಿನ್ನ ಪರೀಕ್ಷೆ ಚಲೋ ಆಯಿತೆಂದು ಅವ್ವ ಹೇಳಿದಳು, ಭಾಳ ಸಂತೋಷ.

ಫ್ರಾನ್ಸಿನ ತುಲೂಸಿನಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಧ್ವಜದ ಕೋಲಿಗೆ ಸಿಕ್ಕಿಸುವ ಹಿತ್ತಾಳೆಯ ಈಟಿಮೊನೆ ಕೊಂಡಿದ್ದೀ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳೆಯುತ್ತದೇನು ಎಂದು ಅಜ್ಜಿಯನ್ನು ಕೇಳಿದ್ದೀಯಂತೆ. ಅಜ್ಜಿ ಹೂಂ ಅಂದಿದ್ದಾಳೆ, ಆದರೆ ತಿಕ್ಕಬೇಡ. ಮನೆಯ ತಂಬಿಗೆಗೆ ಅದು ಸರಿ. ಇಂಥ ವಸ್ತುವಿನ ಮೇಲೆ ತೆಳ್ಳಗೆ ಚಿನ್ನದ ಲೇಪ ಇದ್ದರೂ ಇರಬಹುದು, ಹುಳಿ ತಾಗಿ ಉಜ್ಜಿದರೆ ಅದು ಹೋಗೇಬಿಡುತ್ತದೆ, ಮತ್ತೆ ಬರುವುದಿಲ್ಲ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ನೀನು ಇಂಥ ಧ್ವಜಮೊನೆಗಳನ್ನು ಕೂಡಿಸುವ ಹವ್ಯಾಸ ಹಿಡಿದದ್ದು ನನಗೆ ಯಾಕೆ ಹಿಡಿಸಿತು ಗೊತ್ತೇನು? ಸಣ್ಣವನಿದ್ದಾಗ ಜಾತ್ರೆಯಲ್ಲಿ ನಂದಿಕೋಲಿನ ಹಿಂದೆ ಓಡುವುದೇ ನನ್ನ ಕೆಲಸ. ತುದಿಗೆ ಕಳಸ, ಕೆಳಗೆ ಹಿತ್ತಾಳೆಯ ಬಿಲ್ಲೆ, ಗೆಜ್ಜೆ, ಬಣ್ಣದ ವಸ್ತ್ರ. ಅಷ್ಟೆತ್ತರದ ಕೋಲನ್ನು ಸೊಂಟದ ಪಟ್ಟಿಗೆ ಊರಿಕೊಂಡು ಹೊತ್ತವನು ಕುಣಿಯುವಾಗ ನನ್ನ ಕಣ್ಣು ಅವನ ಮೇಲಿರುತ್ತಿರಲಿಲ್ಲ, ಕಳಸದ ಮೇಲಿರುತ್ತಿತ್ತು. ಫ್ರೆಂಚ್ ಸೈನ್ಯದ ಧ್ವಜಧಾರಿಯೂ ಚರ್ಮದ ಪಟ್ಟಿಯ ಕುಣಿಕೆಯಲ್ಲಿ ಕೋಲಿನ ಬುಡ ಊರಿಕೊಂಡೇ ನಡೆಯುತ್ತಾನೆ. ಗಾಳಿ ಬಿದ್ದರೆ ಬಟ್ಟೆ ಜೋತು ಬೀಳುತ್ತದೆ, ಬಣ್ಣ ಕಾಣುವುದಿಲ್ಲ. ತುದಿಯ ಆಭರಣ ಮಾತ್ರ ಯಾವಾಗಲೂ ಕಾಣುತ್ತದೆ. ಅದಕ್ಕೇ ಅರಸರು ತಮ್ಮ ಮುಖ್ಯ ಗುರುತನ್ನು ಅಲ್ಲಿ ಇಟ್ಟರೆಂದು ನನಗೆ ಅನಿಸುತ್ತದೆ.

ನೆಪೋಲಿಯನ್ನನ ಹದ್ದನ್ನೇ ನೋಡು. ರಾಜ್ಯದ ಲಾಂಛನಕ್ಕೆ ಹುಂಜ ಇರಲೆಂದು ಅವನ ಸಲಹೆಗಾರರು ಸೂಚಿಸಿದ್ದರು. ಅವನು ಒಪ್ಪಲಿಲ್ಲ, ರೋಮನ್ ಸೈನ್ಯದ ಹದ್ದನ್ನು ಆರಿಸಿಕೊಂಡ. 1804ರ ಡಿಸೆಂಬರ್ 5ರಂದು ಪ್ಯಾರಿಸಿನ ಶಾಂ ದ ಮಾರ್ಸ್ ಮೈದಾನದಲ್ಲಿ ದಳದಳಕ್ಕೂ ಹದ್ದು ಹಂಚಿದ. ಶೋದೆ ಎಂಬ ಶಿಲ್ಪಿ ರೂಪಿಸಿದ ಆ ಕಂಚಿನ ಹಕ್ಕಿ ಸುಮಾರು 20 ಸೆಂಟಿಮೀಟರ್ ಎತ್ತರ, ಹೆಚ್ಚುಕಡಿಮೆ ಎರಡು ಕಿಲೋ ತೂಕ, ಮೇಲೆ ಚಿನ್ನದ ಲೇಪ. ಕೆಳಗಿನ ಪೀಠದ ಮೇಲೆ ದಳದ ಸಂಖ್ಯೆ. ಸೈನಿಕರು ಬಟ್ಟೆಗಿಂತ ಆ ಹಕ್ಕಿಗಾಗಿ ಪ್ರಾಣ ಕೊಟ್ಟರು. 1815ರಲ್ಲಿ ವಾಟರ್ಲೂದಲ್ಲಿ ಬ್ರಿಟಿಷರ ಕೈಗೆ ಎರಡು ಹದ್ದು ಸಿಕ್ಕವು, 45ನೆಯ ಮತ್ತು 105ನೆಯ ದಳದವು. ನೆಪೋಲಿಯನ್ ಬಿದ್ದ ಮೇಲೆ ಮರಳಿ ಬಂದ ಅರಸರು ಉಳಿದ ಹದ್ದುಗಳನ್ನು ಒಡೆಸಿ ಕರಗಿಸಿದರು. ತುದಿಗೆ ತಮ್ಮ ಲಿಲ್ಲಿ ಹೂ ಏರಿಸಿದರು. 1830ರ ಕ್ರಾಂತಿ ಆದದ್ದೇ ಹುಂಜ ಬಂತು. ಮೂರನೆಯ ನೆಪೋಲಿಯನ್ ಹದ್ದನ್ನು ಮತ್ತೆ ತಂದು, ಹೊರುವವರಿಗೆ ಹಗುರಾಗಲೆಂದು ಆಗ ತುಟ್ಟಿಯಾಗಿದ್ದ ಅಲ್ಯುಮಿನಿಯಂನಲ್ಲೂ ಮಾಡಿಸಿದ. 1880ರ ಜುಲೈ 14ರಂದು ಗಣರಾಜ್ಯ ಹಂಚಿದ ಧ್ವಜಗಳಿಗೆ ಆರ್.ಎಫ್. (ಫ್ರೆಂಚ್ ಗಣರಾಜ್ಯ) ಅಕ್ಷರದ ಈಟಿಮೊನೆ, ನಿನ್ನ ಹತ್ತಿರ ಇರುವಂಥದ್ದು. ನೂರು ವರುಷವೂ ತುಂಬದಷ್ಟರಲ್ಲಿ ಒಂದೇ ದೇಶದ ಕೋಲಿನ ತುದಿ ಎಷ್ಟು ಸಲ ಬದಲಾಯಿತು ನೋಡು.

ಇಲ್ಲಿ ನಿನಗೆ ನಮ್ಮ ಸೀಮೆಯ ಮಾತು ಹೇಳಬೇಕು. ಸವದತ್ತಿಯಿಂದ ಆಳಿದ ರಟ್ಟರ ಧ್ವಜ ಯಾವುದು? ಸುವರ್ಣ ಗರುಡಧ್ವಜ. ನೆಪೋಲಿಯನ್ನನಿಗಿಂತ ಏಳೆಂಟು ನೂರು ವರುಷ ಮೊದಲು ನಮ್ಮ ಮಗ್ಗುಲಲ್ಲೇ ಬಂಗಾರದ ಹಕ್ಕಿ ಹಾರಿತ್ತು, ತಂಗೀ! ಕಲ್ಯಾಣದ ಕಳಚುರಿಗಳದು ಸುವರ್ಣ ವೃಷಭಧ್ವಜ, ಗೋವೆಯ ಕದಂಬರದು ವಾನರಧ್ವಜ. ನಮ್ಮ ಹೂಲಿ ಆಗ ಪೂಲಿ, ಸಾವಿರ ಮಹಾಜನರ ಅಗ್ರಹಾರ. ಪಂಚಲಿಂಗೇಶ್ವರ ಗುಡಿಯ ಅಂಗಳದಲ್ಲಿ ನಿಂತಾಗ ಈ ಅರಸರ ಧ್ವಜಗಳಲ್ಲಿ ಎಷ್ಟು ಈ ದಾರಿ ತುಳಿದವೋ ಎಂದು ಎಣಿಸುತ್ತೇನೆ.

ಆ ಗರುಡ ನಮಗೆ ಗೊತ್ತಾದದ್ದು ಹೇಗೆ? ಯಾರೋ ಕಲ್ಲಿನ ಮೇಲೆ ಬರೆಸಿದ್ದಕ್ಕೆ. ದಾನಶಾಸನ ಬರೆಯುವಾಗ ಅರಸನ ಬಿರುದಿನ ಜತೆ ಧ್ವಜವನ್ನೂ ಹೇಳಿದರು. ಆ ಒಂದು ಸಾಲಿನಿಂದ ಇಂದಿಗೂ ರಟ್ಟರನ್ನು ಗರುಡದಿಂದ ಗುರುತಿಸುತ್ತೇವೆ.

ನಿನಗೆ ನಾನು ಹೇಳಬೇಕಾದದ್ದು ಇದೇ. ವಸ್ತು ಕೊಂಡ ದಿನವೇ ಅದರ ಊರು ಕೇರಿ ಬರೆದಿಡು. ಮಾರಿದವನು ಯಾರು, ಅವನಿಗೆ ಯಾರಿಂದ ಬಂತು ಅಂದ, ಎಷ್ಟು ಕೊಟ್ಟೆ, ತೂಕ ಎಷ್ಟು, ಕೊಳವೆಯ ಬಾಯಿ ಎಷ್ಟಗಲ, ಮೊಳೆಯ ತೂತು ಎಲ್ಲಿದೆ, ತಯಾರಿಸಿದವನ ಮುದ್ರೆ ಇದೆಯೇ. ಅವನು ಹೇಳಿದ್ದು ಸುಳ್ಳೆನಿಸಿದರೂ ‘ಹೀಗೆ ಅಂದ’ ಎಂದು ಬರೆ. ಆರ್.ಎಫ್. ಇದ್ದ ಮಾತ್ರಕ್ಕೆ ಸೈನ್ಯದ್ದು ಅಂತಲ್ಲ. ಆ ದೇಶದ ಊರೂರಿನ ಪುರಸಭೆ, ಮಾಜಿ ಸೈನಿಕರ ಸಂಘಗಳೂ ಅಂಥ ಮೊನೆಯನ್ನೇ ಏರಿಸುತ್ತವೆ. ಹಿಂಬದಿ ತಿರುಗಿಸಿ ನೋಡು, ದಳದ ಸಂಖ್ಯೆ ಇದ್ದರೆ ಮಾತು ಬೇರೆ. ಹದ್ದು ಸಿಕ್ಕಿತೆಂದು ಯಾರಾದರೂ ಕರೆದರೆ ಹುರುಪಿನಲ್ಲಿ ದುಡ್ಡು ಎಣಿಸಬೇಡ. ಕರಗಿಸಿದ ಮೇಲೆ ಉಳಿದ ಅಸಲು ಹದ್ದು ಕಡಿಮೆ, ನಕಲು ಭಾಳ.

ಊರು ಕೇರಿ ಗೊತ್ತಿರುವುದರ ಬೆಲೆ ಏನೆಂದು ಹೇಳುತ್ತೇನೆ. ಟೀಪುವಿನ ಸಿಂಹಾಸನದ ಗತಿ ನೀನು ಓದಿದ್ದೀ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಅದನ್ನು ಒಡೆದು ತುಂಡುತುಂಡು ಮಾಡಿ ಹಂಚಿಕೊಂಡರು. ಅದರ ಕಟಕಟೆಯ ಮೇಲಿದ್ದ ಚಿನ್ನದ ಹುಲಿಮುಖಗಳಲ್ಲಿ ಒಂದನ್ನು ದೇಶದಿಂದ ಹೊರಗೆ ಸಾಗಿಸದಂತೆ ಬ್ರಿಟನ್ ಸರಕಾರ 2021ರಲ್ಲಿ ತಡೆದಾಗ ಹೇಳಿದ ಬೆಲೆ 15 ಲಕ್ಷ ಪೌಂಡು. ಅಷ್ಟು ಬೆಲೆ ಅದರೊಳಗಿನ ಚಿನ್ನಕ್ಕಲ್ಲ. ಯಾರ ಸಿಂಹಾಸನದ್ದು, ಎಲ್ಲಿಂದ ಬಂತು ಎಂಬುದು ಗೊತ್ತಿರುವುದಕ್ಕೆ.

ಕೊನೆಗೆ ಒಂದು. ನಂದಿಕೋಲಿನ ಹಳೇ ಹಿತ್ತಾಳೆ ಕಳಸ ಎಲ್ಲಾದರೂ ಸಿಕ್ಕರೆ ಕಳಿಸು ಅಂದಿದ್ದೀ. ಕಳಿಸಲಾರೆ, ಸಿಟ್ಟಾಗಬೇಡ. ನೂರು ವರುಷ ದಾಟಿದ ಇಂಥ ವಸ್ತುವನ್ನು ನಮ್ಮಂಥವರು ಪರದೇಶಕ್ಕೆ ಕಳಿಸುವುದು 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಇಲ್ಲದಿದ್ದರೂ ನಾನು ಕಳಿಸುತ್ತಿರಲಿಲ್ಲ, ಅದು ಜಾತ್ರೆಯಲ್ಲಿ ಇನ್ನೂ ಹೊರುವ ವಸ್ತು, ಹೊರುವ ಮನೆತನದವರೂ ಇಲ್ಲೇ ಇದ್ದಾರೆ. ರಜೆಗೆ ಬಂದಾಗ ಅವರಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅಳತೆ ತಗೋ, ಫೋಟೋ ತಗೋ, ಯಾರ ಕಾಲದಲ್ಲಿ ಮಾಡಿಸಿದ್ದು ಎಂದು ಹಿರಿಯರನ್ನು ಕೇಳಿ ಬರೆದುಕೋ. ಬರುವಾಗ ನೀನು ವಿವರ ಬರೆದಿಡುವ ನೋಟುಬುಕ್ಕು ಮರೆಯದೆ ತಾ. ಊಟದ ದುಡ್ಡು ಉಳಿಸಿ ಸಂತೆಗೆ ಹೋಗಬೇಡ, ಬೇಕಾದರೆ ನನಗೆ ಹೇಳು.

ನಿನ್ನ ಅಜ್ಜ