ಕಂಪ್ಯೂಟರಿನ ಎಚ್ಚರಿಕೆಗಳು: ಯಾವುದು ಮೊದಲು?

ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಡುವಾಗ ಕಂಪ್ಲಿ, ಹಂಪಿಗಳ ಹೊಳೆದಂಡೆಯವರಿಗೆ ಎಚ್ಚರಿಕೆ ಕೊಡುವುದು ವಾಡಿಕೆ. ಆ ಮಾತು ಚಿಕ್ಕದು: ನೀರು ಬರುತ್ತಿದೆ, ಹೊಳೆಗೆ ಇಳಿಯಬೇಡಿ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಗೇಟು ಕೊಚ್ಚಿಹೋದಾಗ ಇಂಥ ಮಾತಿನ ಬೆಲೆ ಈ ಸೀಮೆಗೆಲ್ಲ ತಿಳಿಯಿತು. ಡಂಗುರ ಸಾರುವವನು ಅದೇ ಉಸಿರಿನಲ್ಲಿ ಬಟ್ಟೆ ಅಂಗಡಿಯ ರಿಯಾಯಿತಿಯನ್ನೂ ಸಾರಿದರೆ ಕಿವಿಗೊಡುವವರಾರು? ನಮ್ಮ ಮೇಜಿನ ಮೇಲಿನ ಕಂಪ್ಯೂಟರು ಬಹುಮಟ್ಟಿಗೆ ಮಾಡುತ್ತಿರುವುದು ಇದನ್ನೇ. ಈ ವಿಷಯವನ್ನು ಸಹಪಾಠಿಗಳ ಹಾಗೂ ಗುರುವರ್ಯರ ಮುಂದಿಡುವುದೇ ನನ್ನ ಉದ್ದೇಶ.

ಸಾಫ್ಟ್‌ವೇರಿಗೆ ಬರುವ ಅಪ್‌ಡೇಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಹೊಸ ಸೌಕರ್ಯಗಳನ್ನು ತರುವುದು. ಅದು ತಡವಾದರೆ ನಷ್ಟವಿಲ್ಲ. ಇನ್ನೊಂದು, ಒಳಗಿನ ಬಿರುಕನ್ನು ಮುಚ್ಚುವ ತೇಪೆ. ಇದನ್ನೇ ಸೆಕ್ಯುರಿಟಿ ಪ್ಯಾಚ್ ಎನ್ನುವರು. ತೇಪೆ ಹೊರಬಿದ್ದೊಡನೆ, ಅದನ್ನು ಹಳೆಯ ಪ್ರತಿಯೊಡನೆ ಹೋಲಿಸಿ ಬಿರುಕು ಎಲ್ಲಿತ್ತೆಂಬುದನ್ನು ಕಳ್ಳರೂ ಕಂಡುಕೊಳ್ಳಬಲ್ಲರು. ಆದುದರಿಂದ ತಡಮಾಡಿದಷ್ಟೂ ಅಪಾಯ ಹೆಚ್ಚು.

ಇದಕ್ಕೆ ದೃಷ್ಟಾಂತ ವಾನ್ನಾಕ್ರೈ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್‌ನ ಒಂದು ಬಿರುಕಿಗೆ ತೇಪೆ ಬಿಡುಗಡೆ ಮಾಡಿತು. ಮೇ 12ರಂದು ಅದೇ ಬಿರುಕಿನಿಂದ ನುಗ್ಗಿದ ಈ ಪಿಡುಗು ಸುಮಾರು 150 ದೇಶಗಳ 2 ಲಕ್ಷಕ್ಕೂ ಮೇಲ್ಪಟ್ಟ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಅಡ್ಡಿಯಾಯಿತು. ಮದ್ದು ಎರಡು ತಿಂಗಳು ಮೊದಲೇ ಇತ್ತು, ಹಾಕಿಕೊಂಡಿರಲಿಲ್ಲ, ಅಷ್ಟೆ.

ಹಾಗಾದರೆ ಎಲ್ಲ ಅಪ್‌ಡೇಟುಗಳೂ ಕೇಳದೆಯೇ ತಾವಾಗಿ ಸೇರಿಕೊಳ್ಳಲಿ ಎನ್ನಬಹುದೇ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ಸಾಫ್ಟ್‌ವೇರಿಗೆ ಬಂದ ಒಂದು ದೋಷಯುಕ್ತ ಅಪ್‌ಡೇಟು ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ನಿಲ್ಲಿಸಿತು. ಆದ್ದರಿಂದ ಆತುರಕ್ಕೂ ವಿವೇಕ ಬೇಕು.

ನನ್ನ ನಮ್ರ ಅಭಿಪ್ರಾಯದಲ್ಲಿ ಪಾಲಿಸತಕ್ಕ ನಿಯಮಗಳು ನಾಲ್ಕು. ಮೊದಲನೆಯದಾಗಿ, ತೇಪೆಯನ್ನು ಸೌಕರ್ಯಗಳೊಡನೆ ಬೆರೆಸದೆ ಬೇರೆಯಾಗಿ ಕೊಡಬೇಕು; ಜಾಹೀರಾತಿಗೆ ಎಚ್ಚರಿಕೆಯ ವೇಷ ತೊಡಿಸಕೂಡದು. ಎರಡನೆಯದಾಗಿ, ಬಿರುಕುಗಳ ತೀವ್ರತೆಯನ್ನು 10 ಅಂಕಗಳಲ್ಲಿ ಅಳೆದು 9 ಮತ್ತು ಅದಕ್ಕೂ ಮೇಲಿನದನ್ನು ಅತಿಗಂಭೀರವೆನ್ನುವ ಪದ್ಧತಿಯಿದೆ. ಆದರೆ ಅಂಕವೊಂದೇ ಸಾಲದು. ಕಳ್ಳರು ಈಗಾಗಲೇ ಬಳಸುತ್ತಿರುವ ಬಿರುಕಿನ ತೇಪೆಗೇ ಅಗ್ರಸ್ಥಾನ ಸಲ್ಲಬೇಕು. ಮೂರನೆಯದಾಗಿ, ಎಷ್ಟು ಹೊತ್ತು ಹಿಡಿಯುವುದು, ಯಂತ್ರವನ್ನು ಮತ್ತೆ ಚಾಲೂ ಮಾಡಬೇಕೇ ಎಂಬುದನ್ನು ಮೊದಲೇ ತಿಳಿಸಿ, ಸಮಯವನ್ನು ಬಳಸುವವನಿಗೆ ಬಿಡಬೇಕು. ಆದರೆ ಮುಂದೂಡುವುದಕ್ಕೆ ಮಿತಿಯಿರಬೇಕು. ನಾಲ್ಕನೆಯದಾಗಿ, ಈ ಮಾತು ಕನ್ನಡದಲ್ಲಿರಬೇಕು.

ಕೊನೆಯದು ಕೇವಲ ಭಾಷಾಭಿಮಾನದ ಮಾತಲ್ಲ. ಸಂಡೂರು ತಾಲ್ಲೂಕಿನ ವಡ್ಡುವಿನಂಥ ಊರುಗಳಲ್ಲಿ ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ ಹತ್ತಾರು ಮನೆಗಳ ಆಧಾರ್, ಪಹಣಿ, ವಿದ್ಯಾರ್ಥಿವೇತನದ ಕಾಗದಗಳು ಇರಬಹುದು. ಅರ್ಜಿಯ ಕೊನೆಯ ದಿನ ಇಂಗ್ಲಿಷಿನ ಚೌಕವೊಂದು ತೆರೆದುಕೊಂಡರೆ ಅದನ್ನು ಮುಚ್ಚಿ ಕೆಲಸ ಮುಂದುವರಿಸುವುದು ಸಹಜ. ನನ್ನಂತೆ ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಅದರ ಅರ್ಥ ಕೇಳಲು ಮನೆಯಲ್ಲಿ ಹಿರಿಯರಿಲ್ಲ. ನಮ್ಮ ಮನೆಯವರೇ ನಮ್ಮನ್ನು ಕೇಳುತ್ತಾರೆ. ಸಾಫ್ಟ್‌ವೇರ್ ಮಾಡುವವರು ಎಚ್ಚರಿಕೆಯ ಭಾಷೆಯನ್ನು ತಿದ್ದುವವರೆಗೆ, ನಿಜವಾದ ಎಚ್ಚರಿಕೆ ಯಾವುದೆಂದು ನೆರೆಹೊರೆಗೆ ತಿಳಿಸಿಕೊಡುವುದು ಓದಿದವರಾದ ನಮ್ಮ ಕರ್ತವ್ಯವಲ್ಲವೇ?